ಮಲೆನಾಡಿನ ಕಾಡಂಚಿನಲ್ಲಿ ಕಲಾವಿದರಿಗೆ ಕುಟೀರ: ಕಟ್ಟಿದವರ ಅನುಭವ

ಪ್ರಶ್ನೆ: ಸಾಗರದ ಸಮೀಪ, ನಮ್ಮ ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ ಲೇಖಕರು, ಚಿತ್ರಕಲಾವಿದರು, ಸಂಗೀತಗಾರರು ಕೆಲವು ವಾರ ಉಳಿದು ಕೆಲಸ ಮಾಡುವಂತಹ ನಾಲ್ಕು ಪುಟ್ಟ ಕುಟೀರಗಳನ್ನು ಕಟ್ಟಬೇಕೆಂದಿದ್ದೇವೆ. ಕಾಡಿಗೆ ಹೊರೆಯಾಗದಂತೆ ಕಟ್ಟುವುದು ಹೇಗೆ? ಅನುಭವವಿರುವವರು ದಯವಿಟ್ಟು ತಿಳಿಸಿ.

ತೀರ್ಥಹಳ್ಳಿಯಿಂದ:
ನಕ್ಷೆ ಬರೆಸುವ ಮೊದಲು ಆ ಜಾಗವನ್ನು ಒಂದು ಮಳೆಗಾಲವಿಡೀ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ; ನಿಮ್ಮಲ್ಲಿ ಅಷ್ಟಿಲ್ಲದಿದ್ದರೂ ಕುಟೀರದ ಆಯುಷ್ಯ ಮಾಡಿನ (ಛಾವಣಿಯ) ಮೇಲೆಯೇ ನಿಂತಿರುತ್ತದೆ. ನೈರುತ್ಯದ ಗಾಳಿಮಳೆಯ ಇರಚಲು ಗೋಡೆಗೆ ಹೊಡೆಯದಂತೆ ಸೂರನ್ನು ಮೂರಡಿಯಾದರೂ ಹೊರಚಾಚಿ, ಆ ಬದಿಗೆ ಬಚ್ಚಲನ್ನಿಟ್ಟು, ಮೇಜನ್ನು ಉತ್ತರದ ಕಿಟಕಿಯ ಬಳಿ ಹಾಕಿದರೆ ಚಿತ್ರ ಬರೆಯುವವರಿಗೆ ದಿನವಿಡೀ ಹೆಚ್ಚು ಬದಲಾಗದ ಬೆಳಕೂ ಸಿಗುತ್ತದೆ. ಬರಿಯ ತಗಡಿನ ಮಾಡಿನಡಿ ಆಷಾಢದಲ್ಲಿ ಪಕ್ಕದವರ ಮಾತೇ ಕೇಳಿಸುವುದಿಲ್ಲ, ಇನ್ನು ತಂಬೂರಿಯ ನಾದ ಎಲ್ಲಿ ಕೇಳಬೇಕು? ಬರಿಯ ಹೆಂಚು ಹೊದೆಸಿದರೆ ಮಂಗಗಳು ಉಳಿಸುವುದಿಲ್ಲ. ಕೆಳಗೆ ತಗಡು, ಅದರ ಮೇಲೆ ಕೆಡವಿದ ಮನೆಗಳಿಂದ ತಂದ ಹಳೆಯ ಮಂಗಳೂರು ಹೆಂಚು ಹೊದೆಸುವುದೇ ನನ್ನ ಮಟ್ಟಿಗೆ ಸರಿಯಾದ ದಾರಿ.

ಥಂಡಿಯ, ಅಂದರೆ ತೇವದ, ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಶ್ರಾವಣದ ಹೊತ್ತಿಗೆ ಜಲವರ್ಣದ ಹಾಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬೂಷ್ಟು ಹಿಡಿದು, ಕುಂಚವಿಟ್ಟ ಕಡೆಯೆಲ್ಲ ಬಣ್ಣ ಚುಕ್ಕೆಚುಕ್ಕೆಯಾಗಿ ಇಂಗುತ್ತದೆ; ಮೃದಂಗದ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಆದ್ದರಿಂದ ಬಚ್ಚಲೊಲೆಯ ಹಿಂಗೋಡೆಗೆ ಹೊಂದಿಕೊಂಡಂತೆ ಎಲ್ಲರಿಗೂ ಸೇರಿದ ಒಂದು ಬೆಚ್ಚನೆಯ ಕೋಣೆ ಮಾಡಿ, ಹಾಳೆ, ಪುಸ್ತಕ, ವಾದ್ಯಗಳನ್ನು ನೇರ ಬಿಸಿ ತಾಗದಷ್ಟು ದೂರದಲ್ಲಿಡಲು ಕಪಾಟು ಹಾಕಿಸಿ. ಹಂಡೆ ಕಾಯಿಸುವ ಸೌದೆಯಲ್ಲೇ ಈ ಕೆಲಸವೂ ಆಗುತ್ತದೆ.

ಶಿರಸಿಯಿಂದ:
ಆ ದಿಬ್ಬ ಸೊಪ್ಪಿನ ಬೆಟ್ಟವೇ ಎಂಬುದನ್ನು ಮೊದಲು ಪಹಣಿಯಲ್ಲಿ ನೋಡಿಕೊಳ್ಳಿ. ಬೆಟ್ಟದಲ್ಲಿ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತಷ್ಟೇ ನಮ್ಮದು, ಜಾಗ ಸರ್ಕಾರದ್ದು. ಸ್ವಂತ ಕೃಷಿ ಜಮೀನಾದರೂ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಭೂಪರಿವರ್ತನೆ ಮಾಡಿಸಬೇಕಾಗುತ್ತದೆ.

ಮೇಲಿನವರ ಮಾತಿಗೆ ಒಂದು ತಿದ್ದುಪಡಿ ಸೂಚಿಸುತ್ತೇನೆ. ನೈರುತ್ಯವನ್ನು ಪೂರ್ತಿ ಮುಚ್ಚಿದರೆ ಚೈತ್ರ, ವೈಶಾಖಗಳಲ್ಲಿ ಒಳಗೆ ಉಸಿರುಗಟ್ಟುತ್ತದೆ. ಸೂರಿನಡಿ ಗಾಳಿಕಿಂಡಿ ಬಿಟ್ಟು, ಮಳೆಗಾಲದಲ್ಲಿ ಮಾತ್ರ ಹಿರಿಯರಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದರೆ ಸಾಕು. ಗೋಡೆಗೆ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಹತ್ತಿರದಲ್ಲೇ ಸಿಗುವುದಾದರೆ ಗಿಲಾವಿನ ಅಗತ್ಯವಿಲ್ಲ. ಸಿಗದಿದ್ದರೆ ಸ್ಥಳದ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಯೂ ಒಳ್ಳೆಯದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕೆಂದು ಆರಂಭವಾದ ಆಸ್ತ್ರ ಕೇಂದ್ರ ಇದರ ಮೇಲೆ ಬಹಳ ಕೆಲಸ ಮಾಡಿದೆ. ಗೆದ್ದಲು ಬಿರುಕುಗಳಿಂದಲೂ ಹತ್ತುವುದರಿಂದ ಅಡಿಪಾಯದ ಮೇಲೆ ಬಿರುಕಿಲ್ಲದ ಕಾಂಕ್ರೀಟ್ ಪಟ್ಟಿ ಎಳೆಸಿ, ಸೌದೆಯನ್ನು ಗೋಡೆಗೆ ಒರಗಿಸಿ ಒಟ್ಟಬೇಡಿ. ಬಿದಿರು ಬಳಸುವಿರಾದರೆ ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸದೆ ಬಳಸಬೇಡಿ.

ಹೊಸನಗರದಿಂದ:
ಕುಟೀರಕ್ಕೊಂದು ಶೌಚಗುಂಡಿ ತೋಡುವ ಮುನ್ನ ಯೋಚಿಸಿ. ಜಂಬಿಟ್ಟಿಗೆಯ ನೆಲದಲ್ಲಿ ನೀರು ಬೇಗ ಹರಿಯುತ್ತದೆ, ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಗುಂಡಿ ತುಂಬುತ್ತದೆ, ಅದರ ಕೊಳೆ ತಗ್ಗಿನ ಬಾವಿಯನ್ನು ಸೇರುತ್ತದೆ. ನೆಲದಿಂದ ಮೇಲೆ ಕಟ್ಟಿದ, ಬೂದಿ ಮತ್ತು ದರಕು ಹಾಕುವ ಎರಡು ಕೋಣೆಯ ಒಣಶೌಚಾಲಯವೇ ಇಲ್ಲಿಗೆ ಹೊಂದುತ್ತದೆ. ಸ್ನಾನದ ನೀರನ್ನು ಬಾಳೆಬುಡಕ್ಕೆ ಬಿಡಿ. ಸೌರಫಲಕಗಳನ್ನು ಒಂದೊಂದು ಮಾಡಿಗೂ ಹಾಕಹೋದರೆ ಬಿಸಿಲಿಗಾಗಿ ಮರ ಕಡಿಯಬೇಕಾಗುತ್ತದೆ. ಈಗಾಗಲೇ ಬಯಲಾಗಿರುವ ಒಂದೇ ಕಡೆ ಎಲ್ಲವನ್ನೂ ಇಟ್ಟು ತಂತಿ ಎಳೆಯಿರಿ. ನಾಲ್ಕನ್ನೂ ಒಮ್ಮೆಗೇ ಕಟ್ಟದೆ ಈ ವರ್ಷ ಒಂದನ್ನು ಕಟ್ಟಿ, ಬರೆಯುವವರೊಬ್ಬರನ್ನು ಜುಲೈನಲ್ಲಿ ಅಲ್ಲಿರಿಸಿ, ಅವರು ಹೇಳಿದ ಕೊರತೆಗಳನ್ನು ಗುರುತು ಹಾಕಿಕೊಂಡು ಉಳಿದ ಮೂರರ ನಕ್ಷೆ ತಿದ್ದಿಸಿ.