ಸೂಪರ್‌ವೈಸರೇ ಮೆಷಿನ್ ಮೇಲೆ ನಿಂತರೆ ಕಮಿಟಿಯವರು ಏನು ಮಾಡಬೇಕು?

ಪ್ಯಾಕಿಂಗ್_ಬಿ_ಶಿಫ್ಟ್:

ನಾನು ಪ್ಯಾಕಿಂಗ್ ಸೆಕ್ಷನ್‌ನಲ್ಲಿ ಆಪರೇಟರ್. ಈ ಸಲ ಯೂನಿಯನ್ ಕಮಿಟಿಗೂ ಆಯ್ಕೆಯಾಗಿದ್ದೇನೆ. ನಮ್ಮ ಸೆಕ್ಷನ್‌ನಲ್ಲಿ ಒಂದು ತಕರಾರು ಶುರುವಾಗಿದೆ. ಅನುಭವ ಇರುವವರು ದಾರಿ ಹೇಳಿ.

ನಮ್ಮ ಲೈನ್‌ಗೆ ಒಂದು ಶಿಫ್ಟ್‌ನಲ್ಲಿ ಆರು ಜನ ಅಂತ ಸೆಟ್ಲ್‌ಮೆಂಟ್‌ನಲ್ಲೇ (ಯೂನಿಯನ್ ಮತ್ತು ಮ್ಯಾನೇಜ್‌ಮೆಂಟ್ ನಡುವಿನ ಒಪ್ಪಂದ) ಬರೆದಿದೆ. ಲೇಬಲ್ ಮೆಷಿನ್‌ಗೆ ಒಬ್ಬರು, ಶ್ರಿಂಕ್ ಮೆಷಿನ್‌ಗೆ ಒಬ್ಬರು, ಕಾರ್ಟನ್ ತುಂಬಲು ಮೂವರು, ಪ್ಯಾಲೆಟ್ ಕಟ್ಟಲು ಒಬ್ಬರು. ಯಾರಾದರೂ ರಜೆ ಹಾಕಿದರೆ ಹಿಂದಿನ ಶಿಫ್ಟ್‌ನ ಒಬ್ಬರನ್ನು ಓಟಿಗೆ, ಅಂದರೆ ಓವರ್‌ಟೈಮ್ ಕೆಲಸಕ್ಕೆ, ನಿಲ್ಲಿಸಿಕೊಳ್ಳುವುದು ಮೊದಲಿಂದ ಬಂದ ಪದ್ಧತಿ. ಅದಕ್ಕೊಂದು ಪಟ್ಟಿ ಇದೆ, ಸರದಿ ಪ್ರಕಾರ ಕರೆಯುತ್ತಿದ್ದರು. ಈಗ ಯಾರನ್ನೂ ಕರೆಯುವುದಿಲ್ಲ. ಸೂಪರ್‌ವೈಸರೇ ಬಂದು ಲೇಬಲ್ ಮೆಷಿನ್ ಮೇಲೆ ನಿಲ್ಲುತ್ತಾರೆ.

ಮೊದಮೊದಲು ಊಟದ ಹೊತ್ತಿಗೆ ಸ್ವಲ್ಪ ನೋಡಿಕೊಳ್ಳುತ್ತಿದ್ದರು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ, ಅನ್ನಲೂಬಾರದು. ಆಮೇಲೆ ರೋಲ್ ಬದಲಾಯಿಸುವುದು, ಜಾಮ್ ಬಿಡಿಸುವುದು ಶುರುವಾಯಿತು. ಈಗ ಅರ್ಧ ಶಿಫ್ಟ್ ಅಲ್ಲೇ ಇರುತ್ತಾರೆ. ರಿಟೈರ್ ಆದ ಒಬ್ಬರ ಜಾಗವೂ ಖಾಲಿ ಇದೆ. ಅದನ್ನು ತುಂಬುವ ಮಾತೇ ಇಲ್ಲ.

ಕಷ್ಟ ಏನೆಂದರೆ, ಮನುಷ್ಯ ಕೆಟ್ಟವರಲ್ಲ. ನಮ್ಮ ಜೊತೆಯಲ್ಲೇ ಆಪರೇಟರ್ ಆಗಿದ್ದು ಮೇಲೆ ಹೋದವರು. ನನಗೆ ಕೆಲಸ ಕಲಿಸಿದವರೂ ಅವರೇ. ಆ ಮೆಷಿನ್ ಸದ್ದು ಕೇಳಿಯೇ ಎಲ್ಲಿ ಎಡವಟ್ಟಾಗಿದೆ ಅಂತ ಹೇಳಬಲ್ಲರು. ಹೋಗಿ ಕೇಳಿದೆ, "ಅಣ್ಣ, ಯಾಕೆ ಯಾರನ್ನೂ ನಿಲ್ಲಿಸಿಕೊಳ್ಳಲಿಲ್ಲ?" ಅಂತ. "ಲೈನ್ ನಿಲ್ಲಬಾರದು ಕಣೋ, ಅಷ್ಟೇ. ನಿಮಗೇ ತಾನೇ ಸಹಾಯ ಮಾಡುತ್ತಿರೋದು" ಅಂದರು. ಏನು ಹೇಳಲಿ?

ಸೆಕ್ಷನ್ ಎರಡು ಪಾಲಾಗಿದೆ. ಓಟಿ ನಂಬಿಕೊಂಡಿದ್ದವರಿಗೆ ಸಿಟ್ಟು. ಅವರಲ್ಲಿ ಒಬ್ಬರಂತೂ ಸೂಪರ್‌ವೈಸರ್ ಮೆಷಿನ್ ಮುಟ್ಟಿದ ಕೂಡಲೇ ಕೈಕಟ್ಟಿ ನಿಂತುಬಿಡುತ್ತಾರೆ. ಕಾರ್ಟನ್ ತುಂಬುವವರು ಮಾತ್ರ "ಐದು ಜನದಲ್ಲಿ ಸಾಯುವವರು ನಾವು. ಎರಡು ಕೈ ಜಾಸ್ತಿ ಬಂದರೆ ನಿಮಗೇನು ಹೊಟ್ಟೆಯುರಿ?" ಅನ್ನುತ್ತಾರೆ. ಮೊನ್ನೆ ಗೇಟ್ ಹತ್ತಿರ ಇಬ್ಬರು ಕೈ ಕೈ ಮಿಲಾಯಿಸುವ ತನಕ ಹೋಯಿತು.

ಇದನ್ನು ಬರೆದು ಕೊಡಬೇಕಾ? ಕೊಟ್ಟರೆ ಆ ಅಣ್ಣನ ಮೇಲೆ ಕಂಪ್ಲೇಂಟ್ ಕೊಟ್ಟ ಹಾಗೆ ಆಗುವುದಿಲ್ಲವಾ?

ಹಳೇ_ಕಮಿಟಿ:

ಕಂಪ್ಲೇಂಟ್ ಅವರ ಮೇಲಲ್ಲ. ಮೊದಲು ಇದನ್ನು ನಿಮ್ಮ ಕಮಿಟಿಯವರಿಗೆ ಅರ್ಥ ಮಾಡಿಸಿ, ಆಮೇಲೆ ಸೆಕ್ಷನ್‌ಗೆ.

ಒಂದು ವಿಷಯ ಯೋಚಿಸಿ ನೋಡಿ. ಸೂಪರ್‌ವೈಸರ್ ನಾಲ್ಕು ಗಂಟೆ ಲೇಬಲ್ ಮೆಷಿನ್ ಓಡಿಸಿದರು. ಆ ನಾಲ್ಕು ಗಂಟೆ ಎಲ್ಲಿ ಬರೆದಿರುತ್ತದೆ? ಎಲ್ಲೂ ಇಲ್ಲ. ಹಾಜರಿ ಪುಸ್ತಕದಲ್ಲಿ ಐದು ಜನ, ಉತ್ಪಾದನೆ ಪುಸ್ತಕದಲ್ಲಿ ಟಾರ್ಗೆಟ್ ಪೂರ್ತಿ. ಮುಂದಿನ ಸೆಟ್ಲ್‌ಮೆಂಟ್‌ಗೆ ಕೂತಾಗ ಮ್ಯಾನೇಜ್‌ಮೆಂಟ್‌ನವರು ಇದೇ ಎರಡು ಪುಸ್ತಕ ಮೇಜಿನ ಮೇಲೆ ಇಡುತ್ತಾರೆ. "ನೋಡಿ, ಐದು ಜನದಲ್ಲೇ ಲೈನ್ ಓಡಿದೆ, ನೀವೇ ಓಡಿಸಿದ್ದೀರಿ" ಅನ್ನುತ್ತಾರೆ. ಆಗ ನಿಮ್ಮ ಬಾಯಲ್ಲಿ ಮಾತಿರುವುದಿಲ್ಲ. ಒಂದು ಹುದ್ದೆ ಹೋಗುವುದು ಹೀಗೆ. ಯಾರನ್ನೂ ಮನೆಗೆ ಕಳಿಸಬೇಕಿಲ್ಲ. ರಿಟೈರ್ ಆದವರ ಜಾಗ ತುಂಬದಿದ್ದರೆ ಸಾಕು.

ಕಾರ್ಟನ್ ತುಂಬುವವರಿಗೆ ಹೇಳಬೇಕಾದ್ದೂ ಇದೇ. ಎರಡು ಕೈ ಜಾಸ್ತಿ ಬೇಕು ಅನ್ನುವುದು ನ್ಯಾಯವೇ. ಆದರೆ ಆ ಕೈ ದಿನಾ ಬರಬೇಕು, ಸೂಪರ್‌ವೈಸರ್‌ಗೆ ಬಿಡುವಾದಾಗ ಮಾತ್ರ ಬಂದರೆ ಏನು ಪ್ರಯೋಜನ? ಸುಮ್ನೆ ಓಟಿ ಓಟಿ ಅಂತ ಕೂಗಿದರೆ ಅವರು ನಿಮ್ಮ ಜೊತೆ ಬರುವುದಿಲ್ಲ. ಖಾಲಿ ಜಾಗ ತುಂಬಿ ಅಂತ ಕೇಳಿ, ಎಲ್ಲರೂ ಬರುತ್ತಾರೆ.

ಇನ್ನು ಬರೆದಿಡುವ ವಿಷಯ. ಒಂದು ನೋಟ್‌ಬುಕ್ ಇಡಿ. ತಾರೀಕು, ಶಿಫ್ಟ್, ಯಾವ ಮೆಷಿನ್, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಯಾರ ರಜೆ, ನೋಡಿದವರು ಯಾರು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬರೆಯದೇ ಬಿಡುವುದು ಒಂದೇ: ಆ ದಿನ ಓಟಿ ಪಟ್ಟಿಯಲ್ಲಿ ಮುಂದಿದ್ದವರು ಯಾರು, ಅವರು ನಿಲ್ಲಲು ತಯಾರಿದ್ದರಾ ಅನ್ನುವುದು. ನಷ್ಟ ಆದವರ ಹೆಸರು ಇಲ್ಲದಿದ್ದರೆ ನಿಮ್ಮ ದೂರು ನಿಲ್ಲುವುದಿಲ್ಲ. "ಯಾರಿಗೇನು ತೊಂದರೆ ಆಯ್ತು?" ಅಂತ ಎಚ್‌ಆರ್ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಎಲ್ಲವನ್ನೂ ಬರೆಯಲೂ ಹೋಗಬೇಡಿ. ಹೊಸಬರಿಗೆ ಕಲಿಸುವಾಗ ಮೆಷಿನ್ ಮುಟ್ಟಿದರು, ಟ್ರಯಲ್ ಓಡಿಸಿದರು, ಬೆಂಕಿ ಅಥವಾ ಅಪಘಾತದ ಹೊತ್ತಿಗೆ ಕೈ ಹಾಕಿದರು, ನೀರು ಕುಡಿದು ಬರುವ ತನಕ ನೋಡಿಕೊಂಡರು, ಇವೆಲ್ಲ ಬೇಡ. ಸಾಮಾನ್ಯವಾಗಿ ಇಂಥದ್ದಕ್ಕೆ ವಿನಾಯಿತಿ ಇರುತ್ತದೆ, ಇರಬೇಕು ಕೂಡ. ನಮ್ಮ ಕಾಲದಲ್ಲಿ ಒಬ್ಬ ಮಹಾಶಯ ಇದ್ದ. ಫೋರ್‌ಮನ್ ನೆಲದ ಮೇಲೆ ಬಿದ್ದ ಬೋಲ್ಟ್ ಎತ್ತಿಟ್ಟರೂ ಚೀಟಿ ಬರೆಯುತ್ತಿದ್ದ. ಕೊನೆಗೆ ನಿಜವಾದ ದೂರು ತಂದಾಗಲೂ ಎದುರಿನವರು ನಕ್ಕರು.

ಹಾಗಂತ ಸುಮ್ಮನೆ ಕೂರಲೂಬೇಡಿ. ತುಂಬಾ ದಿನ ನೋಡಿಯೂ ಮಾತಾಡದಿದ್ದರೆ ಅದೇ ಪದ್ಧತಿ ಆಗುತ್ತದೆ. ಆಮೇಲೆ ಪದ್ಧತಿ ಮುರಿದವರು ನೀವೇ ಅನ್ನಿಸಿಕೊಳ್ಳುತ್ತೀರಿ.

ಕೈಕಟ್ಟಿ ನಿಲ್ಲುವವರಿಗೆ ಇವತ್ತೇ ಹೇಳಿ ನಿಲ್ಲಿಸಿ. ಅದು ನೇರ ಚಾರ್ಜ್‌ಶೀಟ್‌ಗೆ, ಅಂದರೆ ಕಂಪನಿಯ ಶಿಸ್ತು ಕ್ರಮಕ್ಕೆ ದಾರಿ. ಮೊದಲು ಕೆಲಸ, ಆಮೇಲೆ ದೂರು.

ಎರಡೂ_ಕಡೆಯವನು:

ನಾನು ಸೂಪರ್‌ವೈಸರ್. ಮೊದಲು ಯೂನಿಯನ್‌ನಲ್ಲೇ ಇದ್ದವನು. ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ.

ಓಟಿಗೆ ಒಬ್ಬರನ್ನು ನಿಲ್ಲಿಸಿಕೊಳ್ಳಲು ನನ್ನ ಸಹಿ ಸಾಲುವುದಿಲ್ಲ. ಮ್ಯಾನೇಜರ್ ಒಪ್ಪಿಗೆ ಬೇಕು. ಅವರು ಫೋನ್‌ನಲ್ಲೇ "ಈ ತಿಂಗಳು ಓಟಿ ಬಜೆಟ್ ಮುಗಿದಿದೆ, ಅಡ್ಜಸ್ಟ್ ಮಾಡಿ" ಅನ್ನುತ್ತಾರೆ. ನೀನೇ ಮೆಷಿನ್ ಮೇಲೆ ನಿಲ್ಲು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಬರೆದೂ ಕೊಡುವುದಿಲ್ಲ. ಆದರೆ ಬೆಳಗ್ಗೆ ಮೀಟಿಂಗ್‌ನಲ್ಲಿ ಲೈನ್ ಯಾಕೆ ನಿಂತಿತು ಅಂತ ಕೇಳುವುದು ನನ್ನನ್ನೇ. ಅಡ್ಜಸ್ಟ್ ಅಂದರೆ ಏನು ಅಂತ ನಮಗೆಲ್ಲ ಗೊತ್ತು.

ಅರ್ಧ ಶಿಫ್ಟ್ ಮೆಷಿನ್ ಮೇಲೆ ನಿಂತರೆ ನನ್ನ ಕೆಲಸ ಯಾರು ಮಾಡುತ್ತಾರೆ? ಕ್ವಾಲಿಟಿ ಶೀಟ್, ವರ್ಕ್ ಪರ್ಮಿಟ್, ಮುಂದಿನ ಶಿಫ್ಟ್‌ಗೆ ಸಾಮಾನು ಬಂದಿದೆಯಾ ಅಂತ ನೋಡುವುದು, ಎಲ್ಲ ಹಾಗೇ ಉಳಿಯುತ್ತದೆ. ಶಿಫ್ಟ್ ಮುಗಿದ ಮೇಲೆ ಕೂತು ಬರೆಯುತ್ತೇನೆ. ನನಗೆ ಓಟಿ ಇಲ್ಲ. ಅಂದರೆ ನಿಮ್ಮ ಓಟಿ ಉಳಿಸಿದ್ದು ನನ್ನ ಪುಕ್ಕಟೆ ದುಡಿಮೆಯಿಂದ.

ಇನ್ನೊಂದು ಮಾತೂ ಇದೆ, ನಮ್ಮವರು ಒಪ್ಪದಿದ್ದರೂ ಹೇಳುತ್ತೇನೆ. ಮೆಷಿನ್ ಮೇಲೆ ನಿಂತರೆ ನಮಗೆ ಖುಷಿಯಾಗುತ್ತದೆ. ವರ್ಷಗಟ್ಟಲೆ ಕಲಿತ ಕೆಲಸ ಅದು. ಸ್ಪ್ಯಾನರ್ ಹಿಡಿದ ಕೈಗೆ ಎಕ್ಸೆಲ್ ಶೀಟ್ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ನಿಮ್ಮ ಅಣ್ಣ "ಸಹಾಯ" ಅಂದಾಗ ಸುಳ್ಳು ಹೇಳಿರಲಿಕ್ಕಿಲ್ಲ.

ನೀವು ಪತ್ರ ಕೊಡಿ. ಅದರಲ್ಲಿ ನಮ್ಮನ್ನು ಬೈಯದೆ, ಆರನೆಯವರು ಎಲ್ಲಿ ಅಂತ ಮ್ಯಾನೇಜರನ್ನು ಕೇಳಿ. ನಾವಾಗಿ ಹೋಗಿ ಹೇಳಿದರೆ "ನಿನಗೆ ಲೈನ್ ನಡೆಸಲು ಬರುವುದಿಲ್ಲ" ಅನ್ನುತ್ತಾರೆ. ನಿಮ್ಮ ಪತ್ರ ಇದ್ದರೆ "ಯೂನಿಯನ್‌ನವರು ಬಿಡುವುದಿಲ್ಲ ಸರ್" ಅಂತ ನಾವೂ ತಪ್ಪಿಸಿಕೊಳ್ಳಬಹುದು.

ಕಲಂ_ಪುಸ್ತಕ:

ಕಾನೂನಿನ ಕಡೆಯಿಂದ ಸ್ವಲ್ಪ. ಕಾರ್ಮಿಕರ ಕೆಲಸವನ್ನು ಸೂಪರ್‌ವೈಸರ್ ಮುಟ್ಟಲೇಬಾರದು ಅಂತ ಹೇಳುವುದು ಸಾಮಾನ್ಯವಾಗಿ ಕಾಯ್ದೆ ಅಲ್ಲ, ಒಪ್ಪಂದ. ಅಮೆರಿಕದ ಯುಪಿಎಸ್ ಪಾರ್ಸೆಲ್ ಕಂಪನಿ ಮತ್ತು ಟೀಮ್‌ಸ್ಟರ್ಸ್ ಯೂನಿಯನ್ ಒಪ್ಪಂದದಲ್ಲಿ ಇದಕ್ಕೇ ಒಂದು ಕಲಂ ಇದೆ. ಸೂಪರ್‌ವೈಸರ್ ನಿಯಮ ಮೀರಿ ಕೆಲಸ ಮಾಡಿದರೆ, ಅಷ್ಟು ಹೊತ್ತಿಗೆ ಆ ಕೆಲಸ ಸಿಗಬೇಕಿದ್ದ ಕಾರ್ಮಿಕನಿಗೆ ದುಪ್ಪಟ್ಟು ಸಂಬಳ. ಯಾರಿಗೆ ನಷ್ಟ ಅಂತ ಬರೆದಿಡಿ ಎಂದು ಮೇಲಿನವರು ಹೇಳಿದ್ದು ಇದಕ್ಕೇ. ನಿಮ್ಮ ಸೆಟ್ಲ್‌ಮೆಂಟ್‌ನಲ್ಲಿ ಅಂಥ ಸಾಲು ಇಲ್ಲದಿದ್ದರೂ "ಆರು ಜನ" ಅನ್ನುವ ಸಾಲು ಇದೆಯಲ್ಲ, ಅದನ್ನೇ ಹಿಡಿಯಿರಿ.

ಭಾರತದಲ್ಲಿ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 9ಎ ಅಂತ ಒಂದು ಕಲಂ ಇತ್ತು. ಒಂದು ವಿಭಾಗದಲ್ಲಿ ಅಥವಾ ಶಿಫ್ಟ್‌ನಲ್ಲಿ ಜನರನ್ನು ಕಡಿಮೆ ಮಾಡಬೇಕಾದರೆ 21 ದಿನ ಮೊದಲೇ ನೋಟಿಸ್ ಕೊಡಬೇಕಿತ್ತು. ಅಪರೂಪಕ್ಕೊಮ್ಮೆ ಆಗುವ ಏರುಪೇರು, ಮಾಲೀಕರ ಕೈಮೀರಿದ ಕಾರಣ ಇವಕ್ಕೆ ವಿನಾಯಿತಿ. ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ನೋಟಿಸ್ ಉಳಿದಿದೆ. ಒಂದು ದಿನ ಐದು ಜನ ಇದ್ದರೆ ಇದು ಬರುವುದಿಲ್ಲ. ಖಾಲಿ ಜಾಗವನ್ನು ತುಂಬದೆ ದಿನಾ ಐದೇ ಜನರಲ್ಲಿ ಓಡಿಸಿದರೆ ಕೇಳಲು ಆಸ್ಪದ ಇದೆ.

ಇನ್ನೊಂದು ಮಜಾ ಇದೆ. ಒಬ್ಬರು ಕಾನೂನಿನ ಪ್ರಕಾರ ಕಾರ್ಮಿಕರಾ ಅಲ್ಲವಾ ಅನ್ನುವ ವಿಷಯದಲ್ಲಿ ಕೋರ್ಟ್ ಹುದ್ದೆಯ ಹೆಸರು ನೋಡುವುದಿಲ್ಲ, ಮುಖ್ಯವಾಗಿ ಮಾಡುವ ಕೆಲಸ ಯಾವುದು ಅಂತ ನೋಡುತ್ತದೆ. 1985ರಲ್ಲಿ ಅರ್ಕಾಲ್ ಗೋವಿಂದರಾಜ ರಾವ್ ಮತ್ತು ಸಿಬಾ ಗೈಗಿ ಕಂಪನಿ ನಡುವಿನ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಹಾಗಾಗಿ ಸೂಪರ್‌ವೈಸರನ್ನು ದಿನದ ಬಹುಪಾಲು ಮೆಷಿನ್ ಮೇಲೇ ನಿಲ್ಲಿಸುವ ಕಂಪನಿ ಹುಷಾರಾಗಿರಬೇಕು. ನಾಳೆ ಆತನೇ "ನಾನೂ ಕಾರ್ಮಿಕ" ಅಂತ ವಾದ ಹೂಡಬಹುದು!

ಜಾಮ್ ಬಿಡಿಸುವಾಗ ಮೆಷಿನ್ ನಿಲ್ಲಿಸುತ್ತಾರಾ? 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಂನಲ್ಲಿ ಓಡುತ್ತಿರುವ ಯಂತ್ರದ ತಪಾಸಣೆ, ಎಣ್ಣೆ ಹಾಕುವುದು ಇಂಥ ಕೆಲಸಗಳ ಬಗ್ಗೆ ಕಟ್ಟುನಿಟ್ಟು ಇತ್ತು. ವಿಶೇಷ ತರಬೇತಿ ಪಡೆದು, ಹೆಸರು ರಿಜಿಸ್ಟರ್‌ನಲ್ಲಿರುವ ಕಾರ್ಮಿಕನೇ, ಮೈಗೆ ಬಿಗಿಯಾದ ಬಟ್ಟೆ ಹಾಕಿಕೊಂಡು ಮಾಡಬೇಕಿತ್ತು. ಸೂಪರ್‌ವೈಸರ್‌ಗೆ ಎಷ್ಟೇ ಅನುಭವ ಇರಲಿ, ಆ ಪಟ್ಟಿಯಲ್ಲಿ ಹೆಸರಿದೆಯಾ ಅಂತ ಕೇಳಿ.

ಪ್ಯಾಕಿಂಗ್_ಬಿ_ಶಿಫ್ಟ್:

ಎಲ್ಲರಿಗೂ ಥ್ಯಾಂಕ್ಸ್. ಜಾಮ್ ವಿಷಯ ಓದಿ ಬೆವರು ಬಂತು. ಅವರು ಮೆಷಿನ್ ನಿಲ್ಲಿಸುವುದಿಲ್ಲ. ಸ್ಪೀಡ್ ಕಡಿಮೆ ಮಾಡಿ ಕೈ ಹಾಕುತ್ತಾರೆ. ಉದ್ದ ತೋಳಿನ ಶರ್ಟ್ ಬೇರೆ, ಬಟನ್ ಹಾಕುವ ಅಭ್ಯಾಸವೂ ಇಲ್ಲ. ಅದನ್ನು ಪತ್ರಕ್ಕೆ ಕಾಯದೆ ನೇರವಾಗಿ ಹೇಳಿದೆ. ನಕ್ಕರು, ಆದರೆ ಈಗ ಸ್ವಿಚ್ ಆಫ್ ಮಾಡುತ್ತಿದ್ದಾರೆ.

ಎರಡೂ_ಕಡೆಯವನು ಬರೆದಿದ್ದನ್ನು ಅವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಪತ್ರ ಕೊಡೋದಾದರೆ ತಿಂಗಳ ಕೊನೆಗೆ ಮೊದಲು ಕೊಡು. ಆಗಲೇ ಮುಂದಿನ ತಿಂಗಳ ಓಟಿ ಲೆಕ್ಕ ಮೇಲೆ ಹೋಗೋದು" ಅಂದರು. ಹೀಗೆ ಹೇಳುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ.

ಕಮಿಟಿಯಲ್ಲಿ ಇಬ್ಬರು ಇನ್ನೂ ಒಪ್ಪುತ್ತಿಲ್ಲ. ಸೂಪರ್‌ವೈಸರ್ ಹೆಸರು ಹಾಕಿಯೇ ಕೊಡೋಣ, ಬುದ್ಧಿ ಬರಲಿ ಅನ್ನುತ್ತಾರೆ. ಓಟಿ ಕಳೆದುಕೊಂಡವರಿಗೆ ಆ ಸಿಟ್ಟು ಇರುವುದು ತಪ್ಪೂ ಅಲ್ಲ. ಅವರಿಗೆ ಏನು ಹೇಳಲಿ?

ಹಳೇ_ಕಮಿಟಿ:

ಹೆಸರು ಹಾಕಿದರೆ ಮ್ಯಾನೇಜರ್ ಒಂದು ಮೆಮೊ ಕೊಟ್ಟು ಫೈಲ್ ಮುಚ್ಚುತ್ತಾರೆ, ಐದು ಜನ ಐದೇ ಆಗಿ ಉಳಿಯುತ್ತೀರಿ ಅಂತ ಹೇಳಿ. ಪತ್ರದಲ್ಲಿ ಹುದ್ದೆ ಸಾಕು. ಓಟಿ ಹೋದವರ ಹೆಸರು, ಗಂಟೆ ಲೆಕ್ಕ ಮಾತ್ರ ಪೂರ್ತಿ ಹಾಕಿ, ಆ ದುಡ್ಡು ಕೇಳಿ. ಖಾಲಿ ಹುದ್ದೆ ಯಾವತ್ತಿನೊಳಗೆ ತುಂಬುತ್ತೀರಿ ಅಂತಲೂ ಕೇಳಿ. ನಿಮ್ಮ ಪ್ರತಿಯ ಮೇಲೆ ತಲುಪಿದ್ದಕ್ಕೆ ಸಹಿ, ತಾರೀಕು, ಸೀಲು ಹಾಕಿಸಿಕೊಳ್ಳದೆ ಆಫೀಸಿನಿಂದ ಹೊರಗೆ ಬರಬೇಡಿ.