ಉಸಿರು ಗಮನಿಸುವುದು ಬಂತು, ಚಿಂತನೆ ಶುರು ಮಾಡುವುದು ಹೇಗೆ?

ಪ್ರಶ್ನೆ:
ದಿನಾ ಸ್ವಲ್ಪ ಹೊತ್ತು ಉಸಿರು ಗಮನಿಸುತ್ತಾ ಕೂರುತ್ತೇನೆ. ಬೌದ್ಧರಲ್ಲಿ ಒಂದು ವಿಷಯ ಹಿಡಿದು ಚಿಂತನೆ ಮಾಡುವ ಅಭ್ಯಾಸವೂ ಇದೆಯಂತೆ. ಧ್ಯಾನ ಅಂದರೆ ಯೋಚನೆ ನಿಲ್ಲಿಸುವುದು ಅಲ್ವಾ? ಹೊಸಬರು ಎಲ್ಲಿಂದ ಶುರು ಮಾಡಬೇಕು?

ಉತ್ತರ 1:
ನಿಲ್ಲಿಸಲೇಬೇಕು ಅಂತೇನಿಲ್ಲ. ಬುದ್ಧನ ಉಪದೇಶಗಳ ಹಳೆಯ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಬುದ್ಧ ಐದು ಸಂಗತಿ ಹೇಳುತ್ತಾನೆ. ಮುಪ್ಪು ತಪ್ಪದು, ಕಾಯಿಲೆ ತಪ್ಪದು, ಸಾವು ತಪ್ಪದು, ಪ್ರೀತಿಸಿದ್ದೆಲ್ಲ ಒಂದು ದಿನ ಅಗಲುತ್ತದೆ, ನನ್ನ ಕರ್ಮಕ್ಕೆ ನಾನೇ ವಾರಸುದಾರ. ಗಂಡಸು, ಹೆಂಗಸು, ಸಂಸಾರಿ, ಸನ್ಯಾಸಿ ಎಲ್ಲರೂ ಇದನ್ನು ಮತ್ತೆ ಮತ್ತೆ ನೆನೆಯಬೇಕು ಅಂತಲೇ ಅಲ್ಲಿದೆ.

ನಾನು ಮಾಡುವುದು ಹೀಗೆ. ಮನಸ್ಸು ತಿಳಿಯಾಗುವ ತನಕ ಉಸಿರು. ಆಮೇಲೆ ಒಂದೇ ಸಾಲು. ‘ಮುಪ್ಪು ತಪ್ಪದು’ ಅಂದುಕೊಂಡು ನನ್ನ ಕೈಯನ್ನೇ ನೋಡುತ್ತೇನೆ. ಗೆಣ್ಣಿನ ಮೇಲೆ ಚರ್ಮ ಸಡಿಲವಾಗಿದೆ, ನರ ಉಬ್ಬಿದೆ. ಓದಿದ ಮಾತು ಆಗ ಮೈಗೆ ತಾಗುತ್ತದೆ. ತಾಗಿದ ಮೇಲೆ ಯೋಚನೆ ಬಿಟ್ಟು ಸುಮ್ನೆ ಕೂರುತ್ತೇನೆ. ತಲೆಯಲ್ಲಿ ವಾದ ಎದ್ದರೆ ಮತ್ತೆ ಉಸಿರಿಗೆ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡಿದ್ದರೆ ಸಾವಿನ ಸಾಲು ಈಗಲೇ ಬೇಡ. ಭಯ ಜಾಸ್ತಿಯಾದರೆ ಮೈತ್ರಿ ಭಾವನೆ ಮಾಡಿ. ‘ನಾನು ಸುಖವಾಗಿರಲಿ, ಎಲ್ಲರೂ ಸುಖವಾಗಿರಲಿ’ ಅಂತ ನಿಧಾನವಾಗಿ ಅಂದುಕೊಂಡರೆ ಸಾಕು.

ಪ್ರಶ್ನೆ ಕೇಳಿದವರು:
ಐದನ್ನೂ ಒಂದೇ ದಿನ ಮಾಡಬೇಕಾ?

ಉತ್ತರ 1:
ಬೇಡ, ಅವಸರ ಮಾಡಬೇಡಿ. ಒಂದೊಂದು ಸಾಲಿಗೆ ಒಂದೊಂದು ವಾರ ಕೊಡಿ. ಐದನೆಯದನ್ನು ಮಾತ್ರ ಬಿಡಬೇಡಿ. ಮೊದಲ ನಾಲ್ಕು ನಮ್ಮ ಕೈಯಲ್ಲಿಲ್ಲ, ಅದೊಂದು ಇದೆ. ಇವತ್ತು ಯಾರಿಗೆ ಏನಂದೆ, ಯಾಕಂದೆ ಅಂತ ರಾತ್ರಿ ಕೇಳಿಕೊಳ್ಳಿ.