ಒಂದೇ ಕಥೆಯನ್ನ ಆರು ಸಲ ಹೇಳಬೇಕಾ?

ಬೆಣ್ಣೆದೋಸೆ:
ಹೋದ ವಾರ ಅಪ್ಪನ್ನ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಯಾವುದು ಅಂತ ಕೇಳ್ಬೇಡಿ. ಆರು ತಿಂಗಳಿಂದ ಬಲಗೈ ನಡುಗುತ್ತೆ. ಬೆಳಗ್ಗೆ ಏಳಕ್ಕೆ ಚೀಟಿ ಮಾಡಿಸಿದ್ದು, ದೊಡ್ಡ ಡಾಕ್ಟರ ದರ್ಶನ ಆಗಿದ್ದು ಮಧ್ಯಾಹ್ನ ಎರಡಕ್ಕೆ. ನಡುವೆ ಐದು ಜನ ಹುಡುಗ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಬಂದು ಅದೇ ಪ್ರಶ್ನೆ ಕೇಳಿದ್ರು. ಯಾವಾಗ ಶುರುವಾಯ್ತು, ಮನೇಲಿ ಬೇರೆ ಯಾರಿಗಾದ್ರೂ ಇದೆಯಾ, ಏನು ಕೆಲಸ ಮಾಡ್ತಿದ್ರಿ. ಒಬ್ಬ ಮೊಣಕಾಲಿಗೆ ಸುತ್ತಿಗೇಲಿ ತಟ್ಟಿದ, ಹತ್ತು ನಿಮಿಷ ಬಿಟ್ಟು ಇನ್ನೊಬ್ಬಳು ಬಂದು ಮತ್ತೆ ತಟ್ಟಿದಳು. ಪ್ರೊಫೆಸರ್ ನೋಡಿದ್ದು ನಾಲ್ಕು ನಿಮಿಷ. ಅದ್ರಲ್ಲೂ ಮೂರು ನಿಮಿಷ ಆ ಹುಡುಗರ ಜೊತೆ ಇಂಗ್ಲಿಷಲ್ಲಿ ಮಾತಾಡಿದ್ರು. ನಾವು ಹೋಗಿದ್ದು ಚಿಕಿತ್ಸೆಗೋ, ಪಾಠಕ್ಕೋ?

ಹಳೇ ಪಿಜಿ:
ಇಪ್ಪತ್ತು ವರ್ಷದ ಹಿಂದೆ ಆ ಸುತ್ತಿಗೆ ಹಿಡಿದ ಹುಡುಗರಲ್ಲಿ ನಾನೂ ಒಬ್ಬ. ಕಾಯಿಸಿದ್ದಕ್ಕೆ ಸಮರ್ಥನೆ ಇಲ್ಲ. ಆದ್ರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳೋದು ಬರೀ ಕಲಿಕೆಗಲ್ಲ. ಮೊದಲ ಸಲ ಕೇಳಿದಾಗ ಎಲ್ಲರೂ "ಕೈ ನಡುಗುತ್ತೆ" ಅಂತಷ್ಟೇ ಹೇಳ್ತಾರೆ. ಮೂರನೇ ಸಲ ಹೇಳುವಾಗ "ಲೋಟ ಎತ್ತಿದ್ರೆ ನಡುಗಲ್ಲ, ಸುಮ್ನೆ ತೊಡೆ ಮೇಲೆ ಇಟ್ಕೊಂಡಿದ್ರೆ ನಡುಗುತ್ತೆ" ಅನ್ನೋದು ಹೊರಗೆ ಬರುತ್ತೆ. ಅಷ್ಟರ ಮೇಲೇ ರೋಗದ ಹೆಸರು ಬದಲಾಗಬಹುದು. ತಲೆಸುತ್ತಿಗೆ ಅಂತ ಮೆಡಿಕಲ್ ಶಾಪಲ್ಲಿ ಕೊಟ್ಟ ಮಾತ್ರೆಯನ್ನ ತಿಂಗಳುಗಟ್ಟಲೆ ನುಂಗಿದ್ರೂ ಕೈ ನಡುಗೋದುಂಟು. ಅದನ್ನ ಯಾರೂ ತಾವಾಗೇ ಹೇಳಲ್ಲ, ಕೆದಕಿ ಕೇಳಬೇಕು. ನಾಲ್ಕು ನಿಮಿಷದಲ್ಲಿ ನೋಡಿ ಕಳಿಸೋ ಪ್ರೊಫೆಸರ್‌ಗೆ ಅಷ್ಟು ಹೊತ್ತಿಲ್ಲ. ಆ ಐದು ಜನಕ್ಕೆ ಇದೆ.

ಅಡ್ಡಗಾಲು:
ಅಂದ್ರೆ ಬಡವರ ಮೈಯೇ ಪುಸ್ತಕ. ದುಡ್ಡಿದ್ದೋರ ಮೊಣಕಾಲಿಗೆ ಒಂದೇ ಸುತ್ತಿಗೆ, ಅದೂ ಕನ್ಸಲ್ಟೆಂಟ್ ಕೈಯಿಂದ. ಇಲ್ದಿದ್ದೋರಿಗೆ ಐದು. ಇದನ್ನ ನೇರವಾಗಿ ಒಪ್ಕೊಳ್ಳಿ, ಆಮೇಲೆ "ಕೆದಕಿ ಕೇಳಬೇಕು" ಅಂತ ಹೇಳಿ.

ಹಳೇ ಪಿಜಿ:
ಒಪ್ಪಿದೆ. ಅದು ನಿಜ.

ಹಂಡೆ ನೀರು:
ನಾನು ಮಂಡ್ಯ ಕಡೆಯವ್ನು. ನನ್ ಕಥೆ ಕೇಳಿ ಸ್ವಲ್ಪ. ಒಂಬತ್ತು ವರ್ಷ ಇದ್ದಾಗ ತಲೆಗೆ ನೀರು ಹಾಕ್ಕೊಂಡ್ರೆ ಸಾಕು, ಕಣ್ಣು ಮೇಲಕ್ಕೆ ಹೋಗೋದು, ಬಚ್ಚಲಲ್ಲೇ ಬೀಳ್ತಿದ್ದೆ. ದಿನಾ ಅಲ್ಲ ಕಣ್ರೀ, ಭಾನುವಾರ ಎಣ್ಣೆ ಹಚ್ಚಿ ಹಂಡೆ ನೀರು ಚೊಂಬಲ್ಲಿ ದಬದಬ ಸುರಿದಾಗ ಮಾತ್ರ. ಅಜ್ಜಿ ಗಾಳಿ ಸೋಕಿದೆ ಅಂದ್ಲು, ತಾಯತ ಕಟ್ಟಿಸಿದ್ರು. ಕೊನೆಗೆ ಬೆಂಗಳೂರಿಗೆ, ನಿಮ್ಹಾನ್ಸ್‌ಗೆ ಬಂದ್ವಿ. ಅಲ್ಲೂ ನಾಲ್ಕು ಜನ ಅದೇ ಪ್ರಶ್ನೆ ಕೇಳಿದ್ರು. ನೀರು ಎಷ್ಟು ಬಿಸಿ, ತಲೆಗೋ ಮೈಗೋ, ಒಂದೇ ಸಮ ಸುರೀತಾರಾ, ಬೀಳೋಕೆ ಮುಂಚೆ ಏನನ್ಸುತ್ತೆ. ಅಪ್ಪ ರೇಗ್ಬಿಟ್ರು, "ಸ್ನಾನದ ಮನೆ ಅಳತೇನೂ ಬೇಕಾ" ಅಂತ. ಆದ್ರೆ ಅದಕ್ಕೊಂದು ಹೆಸರಿದೆ, ಬಿಸಿನೀರಿನ ಮೂರ್ಛೆರೋಗ ಅಂತ ನಮಗೆ ಗೊತ್ತಾಗಿದ್ದು ಅಲ್ಲೇ.

ಬೆಣ್ಣೆದೋಸೆ:
ನಿಜವಾಗ್ಲೂ ಅಂಥದ್ದೊಂದು ಇದೆಯಾ? ನಾನು ಕೇಳೇ ಇಲ್ಲ.

ಹಳೇ ಪಿಜಿ:
ಇದೆ. 1945ರಲ್ಲಿ ಮೊದಲು ವರದಿಯಾಗಿದ್ದು ನ್ಯೂಜಿಲೆಂಡಲ್ಲಿ. ಆಮೇಲೆ ಜಗತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಕೇಸ್. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಮಾತ್ರ ರಾಶಿ ರಾಶಿ. ಕಾರಣ ಬರೀ ನೀರಲ್ಲ, ಸ್ನಾನ ಮಾಡೋ ರೀತಿ: ಸುಡೋ ನೀರನ್ನ ಚೊಂಬಿನಿಂದ ನೆತ್ತಿ ಮೇಲೆ ಬಿಡದೆ ಸುರಿಯೋದು. ಡಾ. ಕೆ.ಎಸ್. ಮಣಿ ಮತ್ತು ಜೊತೆಯವರು 70ರ ದಶಕದಲ್ಲೇ ಇದನ್ನ ಬರೆದ್ರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಅವರ ತಂಡ 279 ರೋಗಿಗಳ ವಿವರ ಪ್ರಕಟಿಸ್ತು. ಆ 279 ಜನರ ವಿವರ ಎಲ್ಲಿಂದ ಬಂತು ಅಂತ ಯೋಚಿಸಿ. ಒಪಿಡಿಯಲ್ಲಿ ಯಾರೋ ಒಬ್ಬ ಜೂನಿಯರ್ "ಸ್ನಾನ ಮಾಡುವಾಗಲೇನಾ?" ಅಂತ ಕೇಳಿ ಬರೆದಿಟ್ಟಿದ್ರಿಂದ.

ಅಡ್ಡಗಾಲು:
ಸರಿ, ಲೇಖನ ಬಂತು, ಪ್ರೊಫೆಸರಿಗೆ ಹೆಸರು ಬಂತು. ಹಂಡೆ ನೀರು ಅವರಿಗೆ ಏನು ಬಂತು?

ಹಂಡೆ ನೀರು:
ನೀರು ಉಗುರುಬೆಚ್ಚಗಿರ್ಲಿ, ನಿಧಾನಕ್ಕೆ ಹಾಕಿ ಅಂದ್ರು. ತಲೆಗೆ ಸ್ನಾನ ಮಾಡೋ ದಿನ ಮಾತ್ರ, ಒಂದೂವರೆ ಗಂಟೆ ಮುಂಚೆ ಒಂದು ಮಾತ್ರೆ. ದಿನಾ ಮೂರ್ಛೆ ಮಾತ್ರೆ ನುಂಗೋ ಕರ್ಮ ತಪ್ತು. ಬಚ್ಚಲಲ್ಲಿ ಬಿದ್ದಿದ್ದು ಅದೇ ಕೊನೆ. ನನಗೆ ಬಂದಿದ್ದು ಇಷ್ಟು.

ಹಳೇ ಪಿಜಿ:
ಆ ಮಾತ್ರೆ ಕ್ಲೋಬಜಾಮ್. ಎಲ್ಲರಿಗೂ ಅಷ್ಟೇ ಸಾಕಾಗಲ್ಲ, ಕೆಲವರಿಗೆ ಮುಂದೆ ಸ್ನಾನ ಇಲ್ಲದೇನೂ ಮೂರ್ಛೆ ಬರುತ್ತೆ, ಅವರಿಗೆ ದಿನಾ ಔಷಧಿ ಬೇಕು. ಇಲ್ಲಿ ಓದಿ ಯಾರೂ ತಾವೇ ತಗೋಬೇಡಿ. "ಮನೇಲಿ ಬೇರೆ ಯಾರಿಗಾದ್ರೂ ಇದೆಯಾ" ಅನ್ನೋ ಆ ಬೇಜಾರಿನ ಪ್ರಶ್ನೆಯಿಂದ ಇನ್ನೂ ಒಂದಾಯ್ತು. ಒಂದೇ ಕುಟುಂಬದಲ್ಲಿ ಹಲವರಿಗೆ ಇರೋದು ಗೊತ್ತಾಗಿ, ನಿಮ್ಹಾನ್ಸ್ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದವರು ಸೇರಿ ಅಂಥ ಕುಟುಂಬಗಳ ರಕ್ತ ಪರೀಕ್ಷೆ ಮಾಡಿದ್ರು. 10ನೇ ಮತ್ತು 4ನೇ ಕ್ರೋಮೋಸೋಮಿನಲ್ಲಿ ಇದಕ್ಕೆ ಸಂಬಂಧಿಸಿದ ಜೀನ್ ಇರೋ ಜಾಗ ಗುರುತಿಸಿದ್ರು. ಬರೀ ಆಸ್ಪತ್ರೆಯಿಂದಲೂ ಆಗದ ಕೆಲಸ, ಬರೀ ಪ್ರಯೋಗಾಲಯದಿಂದಲೂ ಆಗದ ಕೆಲಸ.

ತುಂಗಭದ್ರಾ:
ನಮ್ ಬಳ್ಳಾರಿದೂ ಒಂದ್ ಮಾತು ಸೇರಿಸ್ರಿ. 80ರ ದಶಕದಾಗ ಇದೇ ನಿಮ್ಹಾನ್ಸ್‌ನವ್ರು ನಮ್ ಜಿಲ್ಲಾದಾಗ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ರು. ಮನೋರೋಗ, ಮೂರ್ಛೆರೋಗದ ಔಷಧ ಹಳ್ಳಿ ಆಸ್ಪತ್ರ್ಯಾಗ ಸಿಗೂಹಂಗ ಮಾಡಿದ್ರು. 1996ರಾಗ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಈ ಬಳ್ಳಾರಿ ಮಾದರಿ ನೋಡೇ. ರೋಗಿನ ಬೆಂಗಳೂರಿಗೆ ಎಳಕೊಂಡು ಹೋಗೂದಷ್ಟ ಅಲ್ಲ, ಕಲಿಸೂ ಆಸ್ಪತ್ರಿ ಊರಿಗೂ ಬರಬೇಕು. ಈಗ ಎಷ್ಟ್ ಬರ್ತಾವ ಅಂತ ಕೇಳಬ್ಯಾಡ್ರಿ, ಬಿಪಿ ಏರ್ತದ.

ಅಡ್ಡಗಾಲು:
ನಿಮ್ಹಾನ್ಸ್ ನಿಮ್ಹಾನ್ಸ್ ಅಂತ ಎಲ್ಲರೂ ಅದನ್ನೇ ಹಿಡ್ಕೊಂಡ್ರಿ. ಅದು ಸಂಸತ್ತೇ ಕಾಯ್ದೆ ಮಾಡಿ 2012ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆ ಅಂದಿದ್ದು. ಅದನ್ನ ತೋರಿಸಿ ಉಳಿದವಕ್ಕೆಲ್ಲ ಸರ್ಟಿಫಿಕೇಟ್ ಕೊಡ್ಬೇಡಿ. ಇನ್‌ಸ್ಪೆಕ್ಷನ್ ದಿನ ಹಳ್ಳಿಯಿಂದ ಬಸ್ಸಲ್ಲಿ ಜನ ತಂದು ಹಾಸಿಗೆ ತುಂಬೋ ಕಾಲೇಜೂ ತನ್ನನ್ನ "ಬೋಧನಾ ಆಸ್ಪತ್ರೆ" ಅಂತಲೇ ಕರ್ಕೊಳ್ಳೋದು. ರೋಗಿಯೇ ಇಲ್ಲದ ಕಡೆ ಯಾರು ಯಾರಿಗೆ ಏನು ಕಲಿಸ್ತಾರೆ?

ಕಡಲಕಾಗೆ:
ಅದು ಸರಿಯೇ ಮಾರಾಯ್ರೆ. ಆದರೆ ಖಾಸಗಿ ಅಂದಕೂಡಲೇ ಎಲ್ಲವೂ ಹಾಗಲ್ಲ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜು (ಕೆಎಂಸಿ) 1953ರಲ್ಲಿ ಶುರುವಾದಾಗ ಅಲ್ಲಿನ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತದ್ದು ಮಂಗಳೂರಿನ ವೆನ್‌ಲಾಕ್ ಮತ್ತು ಲೇಡಿಗೋಷನ್‌ನಲ್ಲಿ. ಎರಡೂ ಸರಕಾರಿ ಆಸ್ಪತ್ರೆ. ಕಟ್ಟಡ ಸರಕಾರದ್ದು, ಪಾಠ ಮಾಡುವವರು ಕಾಲೇಜಿನವರು, ಲಾಭ ಆದದ್ದು ನಮ್ಮಂಥವರಿಗೂ ಉಂಟು. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಫಾ ವೈರಸ್ ಬಂದಾಗ ಸ್ಯಾಂಪಲ್ ಬಂದದ್ದು ಮಣಿಪಾಲದ ವೈರಸ್ ಲ್ಯಾಬಿಗೆ. ನಿಫಾ ಅಂತ ಮೊದಲು ಹೇಳಿದ್ದು ಅವರು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಆಮೇಲೆ ಖಚಿತ ಮಾಡಿದ್ದು.

ಬೆಣ್ಣೆದೋಸೆ:
ಎಲ್ಲ ಓದಿದೆ. ಹಂಡೆ ನೀರು ಅವರ ಕಥೆ ಅಪ್ಪನಿಗೂ ಓದಿ ಹೇಳಿದೆ. ನಮ್ಮ ಊರಲ್ಲೂ ಒಬ್ಬ ಹಾಗೇ ಬಚ್ಚಲಲ್ಲಿ ಬೀಳ್ತಿದ್ದ ಅಂದ್ರು. ಸರಿ, ಆರು ಸಲ ಬೇಕಾದ್ರೆ ಹೇಳ್ತೀವಿ. ಆದ್ರೆ ಹೊರಡುವಾಗ ಕೈಗೊಂದು ನಾಲ್ಕು ಪುಟದ ಹಾಳೆ ಕೊಟ್ಟಿದ್ದಾರೆ, ಸಂಶೋಧನೆಗೆ ಒಪ್ಪಿಗೆ ಅಂತೆ, ಮುಂದಿನ ಸಲ ಸಹಿ ಹಾಕಿ ತರಬೇಕಂತೆ. ಪೂರ್ತಿ ಇಂಗ್ಲಿಷ್. ಸಹಿ ಹಾಕಲ್ಲ ಅಂದ್ರೆ ನೋಡೋದೇ ಇಲ್ವಾ?

ಹಳೇ ಪಿಜಿ:
ನೋಡಲೇಬೇಕು. ಸಂಶೋಧನೆಗೆ ಒಪ್ಪೋದು ಬಿಡೋದು ನಿಮ್ಮಿಷ್ಟ, ಅದಕ್ಕಾಗಿ ಚಿಕಿತ್ಸೆ ತಡೆಯೋ ಹಾಗಿಲ್ಲ. ಒಪ್ಪಿದ ಮೇಲೂ ಯಾವಾಗ ಬೇಕಾದ್ರೂ ಹೊರಗೆ ಬರಬಹುದು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯಲ್ಲೇ ಇದೆ. ಹಾಳೆ ನಿಮ್ಮಪ್ಪನಿಗೆ ಅರ್ಥ ಆಗೋ ಭಾಷೆಯಲ್ಲಿ ಇರಬೇಕು ಅಂತಲೂ ಇದೆ. ಕನ್ನಡದ ಪ್ರತಿ ಕೇಳಿ. ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಕೊನೇ ಪುಟದಲ್ಲಿ ಇದೆಯಾ ನೋಡಿ.

ಅಡ್ಡಗಾಲು:
ಮೊದಲ ಸಲ ಹಳೇ ಪಿಜಿ ಜೊತೆ ಪೂರ್ತಿ ಸಹಮತ.

ಬೆಣ್ಣೆದೋಸೆ:
ನಂಬರ್ ಇದೆ. ಗುರುವಾರ ಹೋಗ್ತೀವಿ, ಕನ್ನಡದ ಹಾಳೆ ಕೇಳ್ತೀನಿ. ಆಮೇಲೆ, ಆ ತಲೆಸುತ್ತಿನ ಮಾತ್ರೆ ವಿಷಯ... ಅಪ್ಪ ಒಂದು ವರ್ಷದಿಂದ ಏನೋ ನುಂಗ್ತಿದ್ದಾರೆ, ಈಗ ಹೇಳಿದ್ರು. ಆ ಐದು ಜನಕ್ಕೂ ಹೇಳಿಲ್ಲವಂತೆ. ಖಾಲಿ ಸ್ಟ್ರಿಪ್ ಹುಡುಕ್ತಾ ಇದ್ದೀನಿ.